ಊಟಕ್ಕೂ ಫೋನ್, ನಿದ್ದೆಗೂ ಫೋನ್: ಮೂರು ವರ್ಷದ ಮಗನ ಮಾತು ತಡವಾಗಿರುವುದು ಅದರಿಂದಲೇ?

ಪ್ರಶ್ನೆ: ಡಾಕ್ಟರೇ, ನಮ್ಮ ಮಗನಿಗೆ 3 ವರ್ಷ 2 ತಿಂಗಳು. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಹಗಲು ಅತ್ತೆ ನೋಡಿಕೊಳ್ಳುತ್ತಾರೆ. ಫೋನ್ ಎದುರಿಗಿಡದೆ ಅವನು ಬಾಯಿ ತೆರೆಯುವುದಿಲ್ಲ. ಊಟದ ಹೊತ್ತು, ಅತ್ತಾಗ, ಅತ್ತೆಗೆ ಕೆಲಸ ಇದ್ದಾಗ, ರಾತ್ರಿ ಮಲಗಿಸುವಾಗ ಎಲ್ಲ ಸೇರಿದರೆ ದಿನಕ್ಕೆ ನಾಲ್ಕು ತಾಸಾದರೂ ನೋಡುತ್ತಾನೆ. ಕಿತ್ತುಕೊಂಡರೆ ನೆಲಕ್ಕೆ ಬಿದ್ದು ತಲೆ ಚಚ್ಚಿಕೊಳ್ಳುತ್ತಾನೆ. ಅಕ್ಷರಮಾಲೆ, 50ರವರೆಗೆ ಅಂಕಿ, ಬಣ್ಣಗಳ ಹೆಸರು ಎಲ್ಲ ಬರುತ್ತದೆ. ಕಾರ್ಟೂನಿನ ಮಾತುಗಳನ್ನು ಹಾಗೆಹಾಗೇ ಒಪ್ಪಿಸುತ್ತಾನೆ. ಆದರೆ ನೀರು ಬೇಕಾದರೆ ಕೇಳುವುದಿಲ್ಲ, ನನ್ನ ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ. ಹೆಸರು ಹಿಡಿದು ಕರೆದರೆ ತಿರುಗುವುದು ಕಡಿಮೆ. ಬಂಧುಗಳೊಬ್ಬರು, 'ಇದು ವರ್ಚುವಲ್ ಆಟಿಸಂ, ಮೂರು ತಿಂಗಳು ಫೋನ್ ಮುಟ್ಟಿಸಬೇಡಿ, ತಾನಾಗಿ ಸರಿಹೋಗುತ್ತದೆ' ಎಂದರು. ಅತ್ತೆ, 'ಗಂಡುಮಕ್ಕಳಿಗೆ ಮಾತು ತಡ, ಸುಮ್ಮನಿರು' ಎನ್ನುತ್ತಾರೆ. ಇನ್ನು ಮಗಳಿಗೆ 9 ವರ್ಷ. ಅವಳ ಕನ್ನಡಕದ ನಂಬರ್ ಒಂದೇ ವರ್ಷದಲ್ಲಿ ಮೈನಸ್ 1ರಿಂದ ಮೈನಸ್ 1.75ಕ್ಕೆ ಹೋಗಿದೆ. ಕನ್ನಡಕದ ಅಂಗಡಿಯಲ್ಲಿ ಪರದೆಯ ನೀಲಿ ಬೆಳಕು ತಡೆಯುವ ಬ್ಲೂ ಕಟ್ ಗ್ಲಾಸ್ ಹಾಕಿಸಿ ಎಂದರು. ಮಗನ ಮಿದುಳಿಗೆ ಆಗಿರುವ ಹಾನಿ ಹಾಗೇ ಉಳಿದುಬಿಡುತ್ತದೆಯೇ? ಫೋನನ್ನು ಒಂದೇ ಸಲಕ್ಕೆ ನಿಲ್ಲಿಸಬೇಕೇ?

ಉತ್ತರ: ನೀವು ಎಲ್ಲವನ್ನೂ ಫೋನಿನ ತಲೆಗೆ ಕಟ್ಟಿ ಒಂದೇ ಪ್ರಶ್ನೆ ಮಾಡಿದ್ದೀರಿ. ನಾನು ಮೂರು ಮಾಡಿಕೊಳ್ಳುತ್ತೇನೆ: ಮಗನ ಮಾತು, ಮಗನ ಹಟ, ಮಗಳ ಕಣ್ಣು. ಎರಡನೆಯದಕ್ಕೆ ಮನೆಯಲ್ಲೇ ಕೆಲವು ವಾರಗಳ ಕೆಲಸವಿದೆ. ಮೂರನೆಯದಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿಬರಬೇಕು. ಮೊದಲನೆಯದನ್ನು ಮಾತ್ರ ತಡಮಾಡುವಂತಿಲ್ಲ, ಆದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ.

ಅಂಕಿ, ಅಕ್ಷರ, ಬಣ್ಣ ಹೇಳುವುದು ನೆನಪಿನ ಕೆಲಸ. ಮಾತು ಎಂದು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದು ಇನ್ನೊಬ್ಬರಿಂದ ಏನನ್ನೋ ಪಡೆಯಲು, ಏನನ್ನೋ ತೋರಿಸಲು, ಬೇಡ ಎನ್ನಲು ಮಗು ಬಳಸುವ ಪದಗಳನ್ನು. 50ರವರೆಗೆ ಎಣಿಸುವ ಮಗುವಿಗೆ 'ನೀರು' ಎನ್ನಲು ಬರುವುದಿಲ್ಲವೆಂದರೆ ಅದನ್ನು ಜಾಣತನದ ಲೆಕ್ಕಕ್ಕೆ ಬರೆದುಕೊಂಡು ಸುಮ್ಮನಾಗುವಂತಿಲ್ಲ. ಎರಡು ವರ್ಷಕ್ಕೆ ಎರಡೆರಡು ಪದ ಜೋಡಿಸುವುದು, ಮೂರಕ್ಕೆ ಚಿಕ್ಕ ವಾಕ್ಯ, 'ಏನು', 'ಎಲ್ಲಿ' ಎಂಬ ಪ್ರಶ್ನೆ, ಎರಡು ಮಾತು ಆಡಿದರೆ ಎರಡು ಮಾತು ತಿರುಗಿ ಬರುವುದು ಸಾಮಾನ್ಯ. ಗಂಡುಮಕ್ಕಳು ಸರಾಸರಿಯಲ್ಲಿ ಸ್ವಲ್ಪ ಹಿಂದಿರುತ್ತಾರೆ ನಿಜ, ಆದರೆ ಆ ವ್ಯತ್ಯಾಸ ವರ್ಷಗಟ್ಟಲೆ ಇರುವುದಿಲ್ಲ. ನಿಮ್ಮ ಮಗನ ವಯಸ್ಸಿಗೆ ಆ ಸಮಾಧಾನ ಹೊಂದುವುದಿಲ್ಲ.

ಈಗ 'ವರ್ಚುವಲ್ ಆಟಿಸಂ'. ಆಟಿಸಂ ಎಂದರೆ ಇತರರೊಡನೆ ಬೆರೆಯುವುದು, ಮಾತು, ನಡವಳಿಕೆ ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ; 'ವರ್ಚುವಲ್' ಎನ್ನುವವರು ಅದು ಪರದೆಯಿಂದ ಬಂದದ್ದು ಎನ್ನುತ್ತಾರೆ. ಆಟಿಸಂ ಗುರುತಿಸಲು ನಾವು ಬಳಸುವ, ಅಮೆರಿಕದ ಮನೋವೈದ್ಯರ ಕೈಪಿಡಿಯಾದ ಡಿಎಸ್‌ಎಂ-5 ಆಗಲಿ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿ-11 ಆಗಲಿ ಈ ಹೆಸರಿನ ಕಾಯಿಲೆಯನ್ನು ಹೇಳುವುದಿಲ್ಲ. ಆಟಿಸಂನ ಬೇರು ಬಹುಪಾಲು ಅನುವಂಶೀಯವಾದದ್ದು, ಮಿದುಳು ರೂಪುಗೊಳ್ಳುವ ಹಂತಕ್ಕೆ ಸೇರಿದ್ದು. ಫೋನ್ ಆಟಿಸಂ ತರುತ್ತದೆ ಎನ್ನಲು ಗಟ್ಟಿಯಾದ ಆಧಾರವಿಲ್ಲ. ಹಾಗೆಂದು ಈ ಮಾತು ಗಾಳಿಯಲ್ಲಿ ಹುಟ್ಟಿದ್ದೂ ಅಲ್ಲ. ದಿನದ ಬಹುಪಾಲು ಪರದೆಯ ಮುಂದೆಯೇ ಕಳೆಯುವ, ಮಾತಾಡಿಸುವವರಿಲ್ಲದ ಕೆಲವು ಮಕ್ಕಳಲ್ಲಿ ಕಣ್ಣಿಗೆ ಕಣ್ಣು ಕೊಡುವುದು ಕಡಿಮೆಯಾಗುತ್ತದೆ, ಕರೆದರೆ ತಿರುಗುವುದಿಲ್ಲ, ಮಾತು ಹಿಂದುಳಿಯುತ್ತದೆ. ಪರದೆ ತೆಗೆದು ಜನ ಜೊತೆಗೆ ಕೂತರೆ ಅವರಲ್ಲಿ ಹಲವರು ಚುರುಕಾಗುತ್ತಾರೆ. ತೊಡಕಿರುವುದು ಇಲ್ಲಿ: ಆಟಿಸಂ ಇರುವ ಮಗುವೂ ಜನ ಜೊತೆಗೆ ಕೂತಾಗ ಎಷ್ಟೋ ಸುಧಾರಿಸುತ್ತದೆ. ಅಲ್ಲದೆ ಅಂಥ ಮಕ್ಕಳಿಗೆ ಒಂದೇ ದೃಶ್ಯ, ಒಂದೇ ಹಾಡು ಮರಳಿ ಮರಳಿ ಸಿಗುವ ಪರದೆಯ ಸೆಳೆತ ಮೊದಲಿನಿಂದಲೇ ಹೆಚ್ಚು. ಹಾಗಾಗಿ ಫೋನ್ ಹೆಚ್ಚಾಗಿದ್ದರಿಂದ ಹೀಗಾಯಿತೋ, ಹೀಗಿದ್ದುದರಿಂದ ಫೋನ್ ಹೆಚ್ಚಾಯಿತೋ ಎನ್ನುವುದು ಮನೆಯಲ್ಲಿ ಕೂತು ತೀರ್ಮಾನವಾಗುವ ಸಂಗತಿಯಲ್ಲ. ಮೂರು ತಿಂಗಳು ಬಿಟ್ಟು ನೋಡೋಣ ಎಂದವರು ಆ ಮೂರು ತಿಂಗಳನ್ನೇ ಕಳೆದುಕೊಳ್ಳುತ್ತಾರೆ. ಈ ವಯಸ್ಸಿನಲ್ಲಿ ಅದು ದೊಡ್ಡ ಅವಧಿ.

ಮಾಡಬೇಕಾದದ್ದು ಇಷ್ಟು. ಮೊದಲು ಕಿವಿ. 'ಹಾಡು ಹಾಕಿದರೆ ಇನ್ನೊಂದು ಕೋಣೆಯಿಂದ ಓಡಿ ಬರುತ್ತಾನೆ, ಕಿವಿ ಚೆನ್ನಾಗಿಯೇ ಇದೆ' ಎಂದು ಎಲ್ಲ ಮನೆಯವರೂ ಹೇಳುತ್ತಾರೆ. ಕಿವಿತಮಟೆಯ ಹಿಂದೆ ನೀರು ನಿಂತ ಮಗುವಿಗೂ ಜೋರಾದ ಸಂಗೀತ ಕೇಳುತ್ತದೆ, ಮಾತಿನ ಸಣ್ಣ ವ್ಯಂಜನಗಳು ಮಾತ್ರ ಸೋರಿಹೋಗುತ್ತವೆ. ಆದ್ದರಿಂದ ಶ್ರವಣ ಪರೀಕ್ಷೆ ಮಾಡಿಸಿಯೇ ತೀರಬೇಕು. ಆಮೇಲೆ ಮಕ್ಕಳ ಬೆಳವಣಿಗೆ ತಜ್ಞರಿಂದ ತಪಾಸಣೆ, ಸ್ಪೀಚ್ ಥೆರಪಿಸ್ಟ್ ಭೇಟಿ. ಕಾಯಿಲೆಗೆ ಹೆಸರು ಸಿಕ್ಕ ಮೇಲೆಯೇ ಥೆರಪಿ ಎಂದೇನೂ ಇಲ್ಲ. ಮಾತು ಹಿಂದಿದೆ ಎನ್ನುವುದೊಂದೇ ಕಾರಣ ಸಾಕು.

ಅಷ್ಟರೊಳಗೆ ಫೋನ್, ಟಿವಿ ಎರಡೂ ಆರಿರುವಾಗ ಮನೆಯಲ್ಲಿ ಇವನ್ನು ಗಮನಿಸಿಡಿ. ದೂರದ ಒಂದು ವಸ್ತುವಿನತ್ತ ಬೆರಳು ತೋರಿಸಿ 'ಅಲ್ನೋಡು' ಎಂದರೆ ಅವನು ನೋಡುವುದು ನಿಮ್ಮ ಬೆರಳನ್ನೋ, ಆ ವಸ್ತುವನ್ನೋ? ನೋಡಿ ಮತ್ತೆ ನಿಮ್ಮ ಮುಖಕ್ಕೆ ತಿರುಗುತ್ತಾನೆಯೇ? ತನಗೆ ಇಷ್ಟವಾದದ್ದನ್ನು ತಂದು ಸುಮ್ಮನೆ ತೋರಿಸಲೆಂದೇ ತೋರಿಸುತ್ತಾನೆಯೇ? ಖಾಲಿ ಲೋಟದಲ್ಲಿ ಕುಡಿದಂತೆ, ಗೊಂಬೆಗೆ ಉಣ್ಣಿಸಿದಂತೆ ಆಡುತ್ತಾನೆಯೇ? ಕೈಸನ್ನೆ ಮಾಡದೆ ಬರೀ ಬಾಯಲ್ಲಿ 'ಚಪ್ಪಲಿ ತಗೊಂಡು ಬಾ' ಎಂದರೆ ತಿಳಿಯುತ್ತದೆಯೇ? ನೀರಿಗಾಗಿ ನಿಮ್ಮ ಕೈಯನ್ನು ಎಳೆದು ಪಾತ್ರೆಯ ಮೇಲಿಡುವಾಗ ನಿಮ್ಮ ಮುಖ ನೋಡುತ್ತಾನೆಯೇ, ಇಲ್ಲವೇ? ತಪಾಸಣೆಯಲ್ಲಿ ತಜ್ಞರು ಮೊದಲು ಕೇಳುವುದು ಇವನ್ನೇ.

ಮಿದುಳಿನ ಹಾನಿಯ ಬಗ್ಗೆ. 2020ರಲ್ಲಿ 3ರಿಂದ 5 ವರ್ಷದ 47 ಮಕ್ಕಳ ಎಂಆರ್‌ಐ ಅಧ್ಯಯನವೊಂದು ಬಂತು. ಹೆಚ್ಚು ಪರದೆ ನೋಡುವ ಮಕ್ಕಳಲ್ಲಿ ಭಾಷೆಗೆ ಸಂಬಂಧಿಸಿದ ನರತಂತುಗಳ ಹೆಣಿಗೆ ತುಸು ಸಡಿಲವಾಗಿ ಕಂಡಿತು. ಸುದ್ದಿಗಳಲ್ಲಿ ಅದು 'ಫೋನ್ ನೋಡಿದರೆ ಮಿದುಳು ಹಾಳು' ಎಂದಾಯಿತು. ಅದು ಒಂದು ಕ್ಷಣದ ಚಿತ್ರ ಮಾತ್ರ. ಯಾವುದರಿಂದ ಯಾವುದಾಯಿತು ಎಂದು ಅದು ಹೇಳುವುದಿಲ್ಲ, ಮುಂದೆ ಬದಲಾಗುವುದಿಲ್ಲ ಎಂದಂತೂ ಹೇಳುವುದೇ ಇಲ್ಲ. ಈ ವಯಸ್ಸಿನ ಮಿದುಳು ಬಳಕೆಗೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುತ್ತಲೇ ಇರುತ್ತದೆ. ಮಗನಿಗೆ ಫಿಟ್ಸ್ ಅಥವಾ ನರದ ಬೇರೆ ತೊಂದರೆ ಇಲ್ಲದಿದ್ದರೆ ಇದಕ್ಕಾಗಿ ಸ್ಕ್ಯಾನ್ ಬೇಡ. ಸುಮ್ಮನೆ ದುಡ್ಡು ದಂಡ, ಜೊತೆಗೆ ಮಗುವಿಗೆ ಮಂಪರು ಬರಿಸುವ ಔಷಧ ಕೊಡಬೇಕಾದ ರಗಳೆ. 'ಡೋಪಮಿನ್, ಡ್ರಗ್ಸ್ ಇದ್ದ ಹಾಗೆ' ಎನ್ನುವ ಮಾತನ್ನೂ ಪಕ್ಕಕ್ಕಿಡಿ. ಡೋಪಮಿನ್ ಎಂಬ ಮಿದುಳಿನ ರಾಸಾಯನಿಕ ಆಟದಲ್ಲೂ ಊಟದಲ್ಲೂ ತನ್ನ ಕೆಲಸ ಮಾಡುತ್ತದೆ. ಐಸಿಡಿ-11ರಲ್ಲಿ ಗೇಮಿಂಗ್ ಡಿಸಾರ್ಡರ್ (ವಿಡಿಯೋ ಆಟದ ಗೀಳು) ಎಂಬುದೊಂದಿದೆ, ಆದರೆ ಅದಕ್ಕೆ ಸಾಮಾನ್ಯವಾಗಿ ಹನ್ನೆರಡು ತಿಂಗಳ ನಡವಳಿಕೆ ನೋಡಬೇಕು. ಊಟಕ್ಕೆ ಕಾರ್ಟೂನ್ ಕೇಳುವ ಮೂರು ವರ್ಷದ ಮಗುವಿಗೆ ಅಂಟಿಸುವ ಚೀಟಿ ಅದಲ್ಲ.

ಹಾಗಾದರೆ ಪರದೆಯಿಂದ ಆಗುವುದೇನು? ಹೆಚ್ಚಿನ ಹಾನಿ ಅದು ಒಳಗೆ ತರುವುದರಿಂದ ಆಗುವುದಿಲ್ಲ, ಅದು ಆಚೆ ನೂಕುವುದರಿಂದ ಆಗುತ್ತದೆ. 2003ರಲ್ಲಿ ಮಕ್ಕಳ ಭಾಷಾ ಕಲಿಕೆಯ ಸಂಶೋಧಕಿ ಪೆಟ್ರಿಶಿಯಾ ಕುಹ್ಲ್ ಅವರ ತಂಡ ಅಮೆರಿಕದ 9 ತಿಂಗಳ ಕೂಸುಗಳಿಗೆ ಚೀನಿ ಭಾಷೆ ಕೇಳಿಸಿತು. ಎದುರಿಗೆ ಕೂತು ಆಟ ಆಡಿಸುತ್ತ ಮಾತಾಡಿದಾಗ ಆ ಭಾಷೆಯ ಸದ್ದುಗಳ ವ್ಯತ್ಯಾಸ ಕೂಸುಗಳಿಗೆ ಹಿಡಿಯಿತು. ಅದೇ ಜನ, ಅದೇ ಮಾತು ವಿಡಿಯೋದಲ್ಲಿ ಬಂದಾಗ ಏನೂ ಹಿಡಿಯಲಿಲ್ಲ. ಸುಮಾರು ಎರಡೂವರೆ ವರ್ಷದವರೆಗೂ ಪರದೆಯಿಂದ ಕಲಿಯುವುದು ಎದುರಿನ ಮನುಷ್ಯರಿಂದ ಕಲಿಯುವುದಕ್ಕಿಂತ ಎಷ್ಟೋ ಕಡಿಮೆ. ಮಗು 'ಬಾ' ಎಂದಾಗ ನೀವು 'ಬಾಳೆಹಣ್ಣಾ?' ಎನ್ನುತ್ತೀರಿ, ಮಗು ಇಲ್ಲವೆಂದು ತಲೆ ಆಡಿಸುತ್ತದೆ, ನೀವು 'ಓ, ಬಾಲಾ?' ಎನ್ನುತ್ತೀರಿ. ಕಾರ್ಟೂನ್ ಅವನು ಏನಂದರೂ ತನ್ನ ಪಾಡಿಗೆ ಮುಂದಿನ ಸಾಲು ಹೇಳಿಕೊಂಡು ಹೋಗುತ್ತದೆ.

ಯಾರೂ ನೋಡದಿದ್ದರೂ ಹಾಲ್‌ನಲ್ಲಿ ಓಡುತ್ತಲೇ ಇರುವ ಟಿವಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 2009ರ ಒಂದು ಅಧ್ಯಯನದಲ್ಲಿ ಚಿಕ್ಕ ಮಕ್ಕಳ ಮೈಮೇಲೆ ಪುಟ್ಟ ರೆಕಾರ್ಡರ್ ಇಟ್ಟು ಎಣಿಸಿದಾಗ, ಟಿವಿ ಕೇಳಿಸುತ್ತಿದ್ದ ಪ್ರತಿ ಒಂದು ಗಂಟೆಗೆ ದೊಡ್ಡವರು ಮಗುವಿನ ಕಿವಿಗೆ ಬೀಳಿಸುವ ಪದಗಳು ಸುಮಾರು 770ರಷ್ಟು ಕಡಿಮೆಯಾಗಿದ್ದವು. ಕೆನಡಾದಲ್ಲಿ ಸುಮಾರು 2,400 ಮಕ್ಕಳನ್ನು 2, 3 ಮತ್ತು 5ನೇ ವಯಸ್ಸಿನಲ್ಲಿ ಮತ್ತೆ ಮತ್ತೆ ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊದಲು ಹೆಚ್ಚು ಪರದೆ ನೋಡಿದವರು ಬೆಳವಣಿಗೆಯ ಮುಂದಿನ ತಪಾಸಣೆಯಲ್ಲಿ ಹಿಂದೆ ಬಿದ್ದಿದ್ದರು. ಪರಿಣಾಮ ಸಣ್ಣದು, ಆದರೆ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಅದೇ 2019ರಲ್ಲಿ ಹೇಳಿದ್ದು: ಎರಡು ವರ್ಷದೊಳಗೆ ಬೇಡ, 2ರಿಂದ 4 ವರ್ಷಕ್ಕೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಕಡಿಮೆಯಾದಷ್ಟೂ ಒಳ್ಳೆಯದು. ಈ ಗಂಟೆಯ ಲೆಕ್ಕ ಇಟ್ಟುಕೊಳ್ಳಿ, ಆದರೆ ನಾಲ್ಕನ್ನು ಒಂದು ಮಾಡಬೇಕು ಎಂದು ಗಡಿಯಾರ ಹಿಡಿದು ಹೊರಟರೆ ಸಾಮಾನ್ಯವಾಗಿ ಮೂರನೇ ದಿನಕ್ಕೇ ಸೋಲುತ್ತೀರಿ. ಅದರ ಬದಲು ಫೋನ್ ನಿಮ್ಮ ಮನೆಯಲ್ಲಿ ಯಾವ ಯಾವ ಕೆಲಸ ಮಾಡಿಕೊಡುತ್ತಿದೆ ಎಂದು ನೋಡಿ. ನಿಮ್ಮ ಪತ್ರದಲ್ಲೇ ನಾಲ್ಕಿವೆ: ಉಣ್ಣಿಸುವುದು, ಮಲಗಿಸುವುದು, ಅಳು ನಿಲ್ಲಿಸುವುದು, ಅತ್ತೆಗೆ ಬಿಡುವು ಕೊಡುವುದು. ಒಂದೊಂದು ಕೆಲಸಕ್ಕೂ ಬೇರೆ ಆಳನ್ನು ಹುಡುಕಿದ ಮೇಲೆಯೇ ಅದನ್ನು ಫೋನಿನಿಂದ ಕಿತ್ತುಕೊಳ್ಳಲು ಸಾಧ್ಯ.

ಮಲಗುವ ಹೊತ್ತಿನಿಂದ ಶುರುಮಾಡಿ. ಆಗ ನೀವಿಬ್ಬರೂ ಮನೆಯಲ್ಲಿರುತ್ತೀರಿ, ಫಲವೂ ಬೇಗ ಕಾಣುತ್ತದೆ. 3ರಿಂದ 5 ವರ್ಷದ ಮಗುವಿಗೆ ಹಗಲಿನ ನಿದ್ದೆ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು. ಅದು ಕಡಿಮೆಯಾದರೆ ಮರುದಿನದ ರಂಪ ದುಪ್ಪಟ್ಟು. ಚಿಕ್ಕ ಮಕ್ಕಳ ಕಣ್ಣಿನ ಮಸೂರ ತಿಳಿಯಾಗಿರುತ್ತದೆ, ಪಾಪೆ ದೊಡ್ಡದಿರುತ್ತದೆ, ಸಂಜೆಯ ಬೆಳಕು ಅವರಲ್ಲಿ ನಿದ್ದೆಗೆ ಸಿದ್ಧಮಾಡುವ ಮೆಲಟೋನಿನ್ ಹಾರ್ಮೋನನ್ನು ದೊಡ್ಡವರಿಗಿಂತ ಹೆಚ್ಚು ತಗ್ಗಿಸುತ್ತದೆ. ಹಾಗಂತ ಫೋನಿಗೆ ನೈಟ್ ಮೋಡ್ ಹಾಕಿದರೆ ತೀರಲಿಲ್ಲ. 'ಇನ್ನೊಂದು' ಎಂಬ ಕುತೂಹಲಕ್ಕೆ ಹಳದಿ ಬಣ್ಣ ಬಳಿದರೂ ಎಚ್ಚರ ಎಚ್ಚರವೇ. ಮಲಗುವ ಒಂದು ಗಂಟೆ ಮೊದಲು ಮನೆಯ ಎಲ್ಲ ಪರದೆ ಆಫ್. ದೊಡ್ಡ ದೀಪ ಆರಿಸಿ. ಮೈ ಒರೆಸುವುದು, ಬಟ್ಟೆ ಬದಲಿಸುವುದು, ಒಂದೇ ಚಿತ್ರಪುಸ್ತಕ, ಒಂದೇ ಹಾಡು, ದಿನಾ ಇದೇ ಕ್ರಮ. ಫೋನ್ ಚಾರ್ಜಿಗೆ ಹಾಕುವ ಜಾಗ ಮಲಗುವ ಕೋಣೆಯ ಹೊರಗಿರಲಿ. ಮೊದಲ ಮೂರು ನಾಲ್ಕು ರಾತ್ರಿ ಒಂದು ಗಂಟೆ ತಡವಾಗಿ ಮಲಗಬಹುದು. ಬೆಳಿಗ್ಗೆ ಮಾಮೂಲಿ ಹೊತ್ತಿಗೇ ಎಬ್ಬಿಸಿ. ಮೆಲಟೋನಿನ್ ಗಮ್ಮಿಗಳನ್ನು ಡಾಕ್ಟರು ಹೇಳದೆ ಕೊಡಬೇಡಿ.

ಆಮೇಲೆ ಊಟ. ನಿಜವಾದ ಗಂಟು ಇಲ್ಲಿದೆ.

ಫೋನ್ ನೋಡುತ್ತ ಉಣ್ಣುವ ಮಗುವನ್ನು ಒಮ್ಮೆ ಪಕ್ಕದಲ್ಲಿ ನಿಂತು ನೋಡಿ. ಕಣ್ಣು ಪರದೆಯ ಮೇಲೆ ನೆಟ್ಟಿದೆ, ರೆಪ್ಪೆ ಬಡಿಯುವುದೂ ಕಡಿಮೆ. ತುತ್ತು ತುಟಿಗೆ ತಾಗಿದರೆ ಬಾಯಿ ತಾನಾಗಿ ತೆರೆಯುತ್ತದೆ. ಅಗಿಯುವುದು ನಡುವೆ ನಿಂತುಹೋಗುತ್ತದೆ, ತುತ್ತು ಕೆನ್ನೆಯಲ್ಲೇ ಕೂತಿರುತ್ತದೆ. ಉಣ್ಣಿಸುವವರು ಕೆನ್ನೆ ತಟ್ಟಿ 'ನುಂಗು' ಎನ್ನುತ್ತಾರೆ. ತಟ್ಟೆಯಲ್ಲಿ ಏನಿದೆ, ಅದರ ಬಣ್ಣ ಏನು, ತನಗೆ ಸಾಕಾಯಿತೇ ಎನ್ನುವುದೊಂದೂ ಅವನ ಅರಿವಿಗೆ ಬರುವುದಿಲ್ಲ. ಹಸಿವು, ಹೊಟ್ಟೆ ತುಂಬಿದ್ದು ಎರಡರ ಸುಳಿವನ್ನೂ ಅವನು ಕಲಿಯಲೇ ಇಲ್ಲ. ಆದ್ದರಿಂದ ಫೋನ್ ತೆಗೆದ ಕೂಡಲೇ 'ಊಟವೇ ಬೇಡ' ಎನ್ನುತ್ತಾನೆ. ಅದನ್ನು ಹಟ ಎನ್ನುವುದಕ್ಕಿಂತ ಅಭ್ಯಾಸವಿಲ್ಲದ್ದು ಎನ್ನುವುದು ಸರಿ.

ಒಂದು ಹೊತ್ತನ್ನು ಆರಿಸಿಕೊಳ್ಳಿ, ಅವನು ಹೆಚ್ಚು ಹಸಿದಿರುವ, ನಿಮಗೆ ಅವಸರವಿಲ್ಲದ ಹೊತ್ತನ್ನು. ಅದಕ್ಕೆ ಎರಡೂವರೆ ಗಂಟೆ ಮೊದಲಿನಿಂದ ನೀರು ಬಿಟ್ಟು ಬೇರೇನೂ ಬೇಡ, ಹಾಲು, ಬಿಸ್ಕತ್ತು ಎರಡೂ ಬೇಡ. ಇಡೀ ದಿನದ ಹಾಲು ಅರ್ಧ ಲೀಟರ್ ದಾಟುತ್ತಿದ್ದರೆ ಹಸಿವು ಕೆಡುವುದಕ್ಕೆ ಅದೇ ಕಾರಣವಿರಬಹುದು. ಹೆಚ್ಚು ಹಾಲು ಕುಡಿಯುವ ಮಕ್ಕಳಲ್ಲಿ ಕಬ್ಬಿಣದ ಅಂಶವೂ ಇಳಿಯುತ್ತದೆ, ಅದರಿಂದ ಸಿಡುಕು, ಹಸಿವಿಲ್ಲದಿರುವುದು ಇನ್ನೂ ಹೆಚ್ಚುತ್ತದೆ. ಪಾದ ನೆಲಕ್ಕೋ ಮಣೆಗೋ ಊರುವಂತೆ ಕೂರಿಸಿ, ನೀವೂ ಜೊತೆಗೆ ಉಣ್ಣಿ. ಒಂದೊಂದು ಪದಾರ್ಥವೂ ಮೂರು ಚಮಚದಷ್ಟೇ ಇರಲಿ, ಬೇಕೆಂದರೆ ಇನ್ನಷ್ಟು. ಕೈಯಿಂದ ತಾನೇ ತಿನ್ನಲಿ. ಅರ್ಧ ಚೆಲ್ಲುತ್ತದೆ, ಚೆಲ್ಲಲಿ. 25 ನಿಮಿಷ ಆದ ಮೇಲೆ ಬೈಯದೆ, ಪುಸಲಾಯಿಸದೆ ತಟ್ಟೆ ಎತ್ತಿಬಿಡಿ. ಮುಂದಿನ ಹೊತ್ತಿನವರೆಗೆ ನಡುವೆ ಏನೂ ಬೇಡ. ಏನು, ಯಾವಾಗ, ಎಲ್ಲಿ ಎನ್ನುವುದು ನಿಮ್ಮ ಪಾಲಿನದು. ಎಷ್ಟು ಎನ್ನುವುದು ಅವನದು. ತೂಕ ಸರಿಯಾಗಿರುವ ಮಗು ಮೂರು ನಾಲ್ಕು ದಿನ ಅರೆಹೊಟ್ಟೆ ಉಂಡರೆ ಅಪಾಯವಿಲ್ಲ. ಆ ಹೊತ್ತು ಒಂದು ವಾರ ಸರಾಗವಾದ ಮೇಲೆ ಎರಡನೇ ಹೊತ್ತಿಗೆ ಹೋಗಿ.

ಈ ದಾರಿ ಎಲ್ಲ ಮಕ್ಕಳಿಗೂ ಅಲ್ಲ. ತೂಕ ಕಡಿಮೆ ಇದ್ದರೆ, ಉಣ್ಣುವಾಗ ಕೆಮ್ಮು, ಉಸಿರು ಕಟ್ಟುವುದು, ಪದೇ ಪದೇ ವಾಂತಿ ಇದ್ದರೆ, ಗಟ್ಟಿ ಪದಾರ್ಥವನ್ನೇ ಮುಟ್ಟದಿದ್ದರೆ, ಬೆರಳೆಣಿಕೆಯ ಪದಾರ್ಥ ಬಿಟ್ಟು ಬೇರೆ ತಿನ್ನದಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಅಂಥ ಮಗುವಿನ ಊಟದಿಂದ ಫೋನನ್ನು ಥೆರಪಿಸ್ಟ್ ನೆರವಿನಲ್ಲೇ ಬಿಡಿಸಬೇಕು. ಹೊಸ ಕ್ರಮದಲ್ಲಿ ಮೂತ್ರ ಮಾಮೂಲಿಗಿಂತ ತೀರ ಕಡಿಮೆಯಾದರೆ, ಮಗು ಮಂಕಾದರೆ ಅವತ್ತೇ ನಿಲ್ಲಿಸಿ ಕರೆದುಕೊಂಡು ಹೋಗಿ.

ಇನ್ನು ರಂಪ. ಕಿತ್ತುಕೊಂಡಾಗಲೇ ಅದು ಜೋರಾಗುವುದಕ್ಕೆ ಕಾರಣ ಸ್ಪಷ್ಟ. ಒಂದು ವಿಡಿಯೋ ಮುಗಿಯುವ ಮೊದಲೇ ಮುಂದಿನದರ ಚಿತ್ರ ಬರುತ್ತದೆ, ಕೆಲವು ಸೆಕೆಂಡಿಗೆ ಅದೇ ಶುರುವಾಗುತ್ತದೆ. ಮುಗಿಯಿತು ಎನ್ನುವ ಜಾಗವೇ ಇಲ್ಲದ್ದನ್ನು ನೀವು ನಡುವೆ ಕಡಿಯುತ್ತೀರಿ. 'ಇನ್ನು ಎರಡು ನಿಮಿಷ' ಎಂದು ಎಚ್ಚರಿಸಿ ಎಂದು ನಾವೆಲ್ಲ ಹೇಳುತ್ತ ಬಂದಿದ್ದೆವು. 2016ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಮನೆಗಳಿಂದ ದಿನಚರಿ ಬರೆಸಿ ನೋಡಿದಾಗ, ಒಂದರಿಂದ ಐದು ವರ್ಷದ ಮಕ್ಕಳಲ್ಲಿ ಆ ಎಚ್ಚರಿಕೆ ಬಿಡಿಸುವುದನ್ನು ಇನ್ನೂ ಕಷ್ಟ ಮಾಡಿತ್ತು. ಸಲೀಸಾಗಿ ಬಿಟ್ಟದ್ದು ದಿನಾ ಅದೇ ಹೊತ್ತಿಗೆ ನಿಲ್ಲುವಾಗ, ಅಥವಾ ವಿಡಿಯೋ ತಾನೇ ಮುಗಿದಾಗ. ಆದ್ದರಿಂದ ಆಟೊಪ್ಲೇ ಆಫ್ ಮಾಡಿ. ಮೊದಲೇ ಡೌನ್‌ಲೋಡ್ ಮಾಡಿದ ಒಂದೋ ಎರಡೋ ಕಂತು, ಇಂಟರ್‌ನೆಟ್ ಬಂದ್, ಫೋನಿನ ಬದಲು ಟಿವಿ. ಮುಗಿದ ಮೇಲೆ ಮುಂದೇನು ಎನ್ನುವುದು ಕೈಗೆ ಸಿಗುವಂತೆ ಸಿದ್ಧವಿರಲಿ: ಬಕೆಟ್ಟಿನ ನೀರು, ಬಾಗಿಲಲ್ಲಿ ಚಪ್ಪಲಿ, ತಿಂಡಿ.

ಇಷ್ಟೆಲ್ಲ ಮಾಡಿದರೂ ಮೊದಲ ವಾರ ಅಳು ಕಡಿಮೆಯಾಗುವ ಬದಲು ಏರುತ್ತದೆ. ಇದುವರೆಗೆ ಕೆಲಸ ಮಾಡಿದ ಉಪಾಯ ಕೈಕೊಟ್ಟಾಗ ಮಗು ಅದನ್ನೇ ಇನ್ನಷ್ಟು ಜೋರಾಗಿ ಮಾಡಿ ನೋಡುತ್ತದೆ. ಮನೆಯವರು ಸೋಲುವುದು ಸರಿಯಾಗಿ ಇಲ್ಲಿ. 40 ನಿಮಿಷ ಅತ್ತ ಮೇಲೆ ಫೋನ್ ಕೊಟ್ಟರೆ 40 ನಿಮಿಷ ಅತ್ತರೆ ಸಿಗುತ್ತದೆ ಎಂದು ಕಲಿಸಿದಂತಾಯಿತು. ಮೂರು ದಿನ ಇಲ್ಲ, ನಾಲ್ಕನೇ ದಿನ ಹೌದು ಎನ್ನುವುದು ಇನ್ನೂ ಕೆಟ್ಟದ್ದು, ಎಂದೋ ಒಮ್ಮೆ ಸಿಗುವುದರ ಆಸೆಯೇ ಗಟ್ಟಿ. ತಲೆ ಚಚ್ಚಿಕೊಂಡರೆ ಮಾತಿಲ್ಲದೆ ಎತ್ತಿ ಹಾಸಿಗೆಯ ಮೇಲೋ ನಿಮ್ಮ ತೊಡೆಯ ಮೇಲೋ ತನ್ನಿ, ಪಕ್ಕದಲ್ಲೇ ಕೂತಿರಿ. ಅಳುವಾಗ ಬುದ್ಧಿ ಹೇಳಬೇಡಿ, ಕೇಳುವ ಸ್ಥಿತಿಯಲ್ಲಿ ಅವನಿರುವುದಿಲ್ಲ. ತಣ್ಣಗಾದ ಮೇಲೆ 'ಕೋಪ ಬಂತು ಅಲ್ವಾ' ಎಂದು ಒಂದೇ ಮಾತು. ಅಳು ನಿಲ್ಲಿಸಲು ಫೋನ್ ಕೊಡುವುದನ್ನು ಮಾತ್ರ ಇಂದಿನಿಂದಲೇ ಪೂರ್ತಿ ಬಿಡಿ. ಸಂಕಟ ಬಂದಾಗಲೆಲ್ಲ ಪರದೆ ಸಿಕ್ಕಿದರೆ ತನ್ನನ್ನು ತಾನು ಸಂತೈಸಿಕೊಳ್ಳುವ ಅಭ್ಯಾಸಕ್ಕೆ ಅವಕಾಶವೇ ಇರುವುದಿಲ್ಲ. ಯಾವ ಕಾರಣವೂ ಇಲ್ಲದೆ, ಒಂಟಿಯಾಗಿರುವಾಗಲೂ ತಲೆ ಚಚ್ಚಿಕೊಳ್ಳುತ್ತಿದ್ದರೆ, ಗಾಯವಾಗುತ್ತಿದ್ದರೆ ತಪಾಸಣೆಯಲ್ಲಿ ಮರೆಯದೆ ಹೇಳಿ.

ಒಂದೇ ಸಲಕ್ಕೆ ನಿಲ್ಲಿಸಬೇಕೇ ಎಂದಿರಿ. ಎರಡು ವರ್ಷದೊಳಗಿನ ಮಗುವಾಗಿದ್ದರೆ ಹೌದು ಎನ್ನುತ್ತಿದ್ದೆ. ನಿಮ್ಮ ಮನೆಯಲ್ಲಿ ಹಗಲಿಡೀ ಒಬ್ಬರೇ ಹಿರಿಯರು ಮಗುವನ್ನು ನೋಡಿಕೊಳ್ಳುತ್ತಾರೆ. ನೀವಿಬ್ಬರಲ್ಲಿ ಒಬ್ಬರು ವಾರ, ಹತ್ತು ದಿನ ರಜೆ ಹಾಕಿ ಜೊತೆಗಿರುವುದಾದರೆ ಒಮ್ಮೆಗೇ ನಿಲ್ಲಿಸಬಹುದು, ಫಲವೂ ಬೇಗ. ಇಲ್ಲದಿದ್ದರೆ ಎಲ್ಲ ಅಳುವೂ ಅತ್ತೆಯ ಪಾಲಿಗೆ ಬಂದು ಎರಡನೇ ದಿನ ಮಧ್ಯಾಹ್ನ ಫೋನ್ ಹೊರಗೆ ಬರುತ್ತದೆ. ಅದಕ್ಕೆ ಅವರನ್ನು ದೂರುವುದು ಅನ್ಯಾಯ. ಆದ್ದರಿಂದ ನನ್ನ ಸಲಹೆ ಕೆಲಸ ಕೆಲಸವಾಗಿ ಬಿಡಿಸುವುದು: ಅಳುವಿಗೆ ಫೋನ್ ಇಂದಿನಿಂದಲೇ ಇಲ್ಲ, ಮಲಗುವಾಗಿನದು ಈ ವಾರ, ಊಟದ್ದು ಮುಂದಿನ ಮೂರು ನಾಲ್ಕು ವಾರ, ಅತ್ತೆಯ ಬಿಡುವಿನದು ಕೊನೆಗೆ. ಆ ಕೊನೆಯದು ಪೂರ್ತಿ ಹೋಗಬೇಕೆಂದೂ ಇಲ್ಲ. ಅವರು ಅಡುಗೆ ಮಾಡುವಾಗ ಟಿವಿಯಲ್ಲಿ ನಿಧಾನಗತಿಯ ಒಂದು ಕಾರ್ಯಕ್ರಮ ಅರ್ಧ ಗಂಟೆ ಇರಲಿ. ಈ ಕ್ರಮದ ದೋಷವೆಂದರೆ ಎಳೆಯುತ್ತದೆ, ನಡುವೆ ದೊಡ್ಡವರು ರಾಜಿಯಾಗುತ್ತಾರೆ. ವಿಡಿಯೋ ಮಾತ್ರ ಬದಲಿಸಿ 'ಎಜುಕೇಷನಲ್' ಹಾಕುವುದು ಮೂರನೇ ದಾರಿ. ಅದು ಸುಲಭ, ಆದರೆ ಊಟವೂ ಸುಧಾರಿಸುವುದಿಲ್ಲ, ಮಾತೂ ಬರುವುದಿಲ್ಲ. ಅಂಕಿ ಮಾತ್ರ 100ಕ್ಕೆ ಹೋಗುತ್ತದೆ.

ನಿಧಾನಗತಿ ಎಂದದ್ದಕ್ಕೆ ಕಾರಣವಿದೆ. 2011ರ ಪ್ರಯೋಗವೊಂದರಲ್ಲಿ ನಾಲ್ಕು ವರ್ಷದ ಮಕ್ಕಳು ಕಣ್ಣು ಕುಕ್ಕುವ ವೇಗದ ಕಾರ್ಟೂನನ್ನು ಬರೀ 9 ನಿಮಿಷ ನೋಡಿದ ಕೂಡಲೇ ತಾಳ್ಮೆ, ಗಮನದ ಪರೀಕ್ಷೆಗಳಲ್ಲಿ ಚಿತ್ರ ಬರೆಯುತ್ತಿದ್ದ ಮಕ್ಕಳಿಗಿಂತ ಹಿಂದೆ ಬಿದ್ದರು. ಆ ಪರಿಣಾಮ ಎಷ್ಟು ಹೊತ್ತು ಉಳಿಯುತ್ತದೆ ಎನ್ನುವುದನ್ನು ಆ ಪ್ರಯೋಗ ನೋಡಿಲ್ಲ. ಆದರೂ ನೋಡಿ ಎದ್ದ ತಕ್ಷಣ ಹುಚ್ಚೆದ್ದು ಓಡುವುದನ್ನು ನೀವೇ ಕಂಡಿರುತ್ತೀರಿ. ದೂರದಲ್ಲಿರುವವರ ಜೊತೆ ವಿಡಿಯೋ ಕರೆ ಈ ಲೆಕ್ಕಕ್ಕೆ ಸೇರುವುದಿಲ್ಲ, ಅಲ್ಲಿ ಆ ಕಡೆಯವರು ಉತ್ತರ ಕೊಡುತ್ತಾರೆ.

ಅತ್ತೆಯವರಿಗೆ 'ಫೋನ್ ಕೊಡಬೇಡಿ' ಎಂದಷ್ಟೇ ಹೇಳಿ ಹೋಗಬೇಡಿ, ಕೈಗೆ ಬದಲಿ ಕೊಟ್ಟುಹೋಗಿ. ಒಂದು ಬುಟ್ಟಿ: ಹೊಂದುವ, ಹೊಂದದ ಮುಚ್ಚಳಗಳಿರುವ ಡಬ್ಬಗಳು, ಬಟ್ಟೆ ಕ್ಲಿಪ್ಪು, ಹಳೆಯ ಕರ್ಚೀಫು, ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳದಷ್ಟು ದೊಡ್ಡ ಚೆಂಡು. ಬುಟ್ಟಿಯನ್ನು ಎರಡು ದಿನಕ್ಕೊಮ್ಮೆ ಬದಲಿಸಿ. ಬಟ್ಟೆ ಮಡಿಸುವಾಗ ಜೊತೆಗೆ ಕೂರಿಸಿಕೊಂಡು 'ಇದು ಅಪ್ಪನದು, ಇದು ನಿಂದು' ಎನ್ನುವುದು ಯಾವ ಆ್ಯಪ್‌ಗಿಂತಲೂ ಒಳ್ಳೆಯ ಸ್ಪೀಚ್ ಥೆರಪಿ. ಅವನು ಕೈ ಹಿಡಿದು ಎಳೆದಾಗ ಕೂಡಲೇ ನೀರು ಕೊಟ್ಟುಬಿಡಬೇಡಿ. ಲೋಟವನ್ನು ನಿಮ್ಮ ಮುಖದ ಪಕ್ಕ ಹಿಡಿದು 'ನೀರು' ಎಂದು ಐದು ಸೆಕೆಂಡು ಕಾಯಿರಿ. ಸದ್ದು, ಕಣ್ಣೋಟ, ಬೆರಳು, ಏನು ಬಂದರೂ ಕೊಡಿ. ಬಾರದಿದ್ದರೂ ಕೊಡಿ, ಸತಾಯಿಸಬೇಡಿ. ಸಂಜೆ ಮನೆಗೆ ಬಂದ ಮೇಲೆ ನಿಮ್ಮಿಬ್ಬರ ಫೋನೂ ಅರ್ಧ ಗಂಟೆ ಕಪಾಟಿನ ಒಳಗಿರಲಿ.

ಮಗಳ ಕಣ್ಣು. ವರ್ಷಕ್ಕೆ 0.75 ಏರಿದ್ದು ಬೇಗವೇ. ಬ್ಲೂ ಕಟ್ ಗ್ಲಾಸ್ ನಂಬರ್ ಏರುವುದನ್ನು ತಡೆಯುತ್ತದೆ ಎನ್ನಲು ಆಧಾರವಿಲ್ಲ; ಕಣ್ಣಿನ ದಣಿವಿಗೂ ಅದರಿಂದ ಅಲ್ಪಾವಧಿಯ ಪ್ರಯೋಜನ ಇರಲಾರದು ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2023ರ ಕಾಕ್ರೇನ್ ವಿಮರ್ಶೆ ಹೇಳಿತು. ಅದಕ್ಕೆ ಕೊಡುವ ಹೆಚ್ಚಿನ ದುಡ್ಡನ್ನು ಉಳಿಸಿ. ಸಮೀಪದೃಷ್ಟಿಗೆ, ಅಂದರೆ ದೂರದ್ದು ಮಸುಕಾಗಿ ಕಾಣುವ ಈ ಮೈನಸ್ ನಂಬರಿಗೆ, ಮುಖ್ಯವಾಗಿ ತಳುಕು ಹಾಕಿಕೊಂಡಿರುವುದು ಹತ್ತಿರದಿಂದ ಬಹಳ ಹೊತ್ತು ನೋಡುವುದು, ಬಯಲಿನ ಬೆಳಕು ಸಿಗದಿರುವುದು, ಮತ್ತು ತಂದೆತಾಯಿಯಿಂದ ಬಂದದ್ದು. ಹತ್ತಿರ ಎನ್ನುವುದರಲ್ಲಿ ಪುಸ್ತಕವೂ ಸೇರಿತು. ಬೆಳಕನ್ನು ಅಳೆಯುವ ಲಕ್ಸ್ ಲೆಕ್ಕದಲ್ಲಿ ಕೋಣೆಯ ಬೆಳಕು ಕೆಲವು ನೂರು, ಹೊರಗಿನ ಹಗಲು 10,000ಕ್ಕೂ ಮೇಲೆ. ಚೀನಾದ ಗುವಾಂಗ್‌ಝೌನಲ್ಲಿ ಶಾಲಾ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟಾಗ ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರ ಪ್ರಮಾಣ ಶೇ 39.5ರ ಬದಲು ಶೇ 30.4ಕ್ಕೆ ಇಳಿಯಿತು, ಫಲಿತಾಂಶ ಪ್ರಕಟವಾದದ್ದು 2015ರಲ್ಲಿ. ಈಗಾಗಲೇ ನಂಬರ್ ಬಂದವರಲ್ಲಿ ಈ ಲಾಭ ಕಡಿಮೆ, ಆದರೂ ದಿನಕ್ಕೆ ಒಂದೂವರೆ ಎರಡು ಗಂಟೆ ಹಗಲಲ್ಲಿ ಹೊರಗಿರಲಿ. ಪುಸ್ತಕ, ಫೋನ್ 30 ಸೆಂಟಿಮೀಟರಿಗಿಂತ ಹತ್ತಿರ ಬೇಡ. 20 ನಿಮಿಷಕ್ಕೊಮ್ಮೆ 20 ಸೆಕೆಂಡು ಸುಮಾರು 6 ಮೀಟರ್ ದೂರ ನೋಡಲಿ. ನಂಬರ್ ಏರದಿರಲೆಂದು ಕಡಿಮೆ ಪವರಿನ ಕನ್ನಡಕ ಹಾಕಿಸುವ ಹಳೆಯ ರೂಢಿ ತಪ್ಪು, ಅದು ತಡೆಯುವುದಿಲ್ಲ. ಅಂಗಡಿಯ ಯಂತ್ರದ ನಂಬರನ್ನು ನಂಬದೆ ಕಣ್ಣಿನ ಡಾಕ್ಟರಲ್ಲಿ ಹನಿ ಹಾಕಿಸಿ ಪರೀಕ್ಷೆ ಮಾಡಿಸಿ. ಏರುವ ವೇಗ ತಗ್ಗಿಸಲು ಕಡಿಮೆ ಸಾಂದ್ರತೆಯ ಅಟ್ರೋಪಿನ್ ಹನಿ, ವಿಶೇಷ ಲೆನ್ಸಿನ ಕನ್ನಡಕ ಇವೆ. ನಿಮ್ಮ ಮಗಳಿಗೆ ಬೇಕೇ ಎಂದು ಅವರನ್ನೇ ಕೇಳಿ.

ಮಗನ ತಪಾಸಣೆಗೆ ಹೋಗುವಾಗ ಮೂರು ವಸ್ತು ಜೊತೆಗಿರಲಿ. ಒಂದು, ತೂಕ ಎತ್ತರ ಬರೆದಿರುವ ಲಸಿಕೆ ಕಾರ್ಡು. ಎರಡು, ಫೋನ್ ಇಲ್ಲದೆ ಆಡುವಾಗ, ಉಣ್ಣುವಾಗ, ನೀವು ಹೆಸರು ಹಿಡಿದು ಕರೆದಾಗ ತೆಗೆದ ಎರಡೆರಡು ನಿಮಿಷದ ವಿಡಿಯೋಗಳು. ಹೊಸ ಜಾಗದಲ್ಲಿ ಮಗು ಬೇರೆಯೇ ಆಗಿ ನಡೆದುಕೊಳ್ಳುವುದುಂಟು. ಮೂರು, ಒಂದು ವಾರ ಬರೆದಿಟ್ಟ ಪದಗಳ ಪಟ್ಟಿ. ಅದರಲ್ಲಿ ಅಂಕಿ, ಅಕ್ಷರ, ಹಾಡು, ಹೇಳಿಕೊಟ್ಟು ಹೇಳಿಸಿದ್ದು ಯಾವುದೂ ಬೇಡ. ಬೇಕಾದಾಗ ತಾನಾಗಿ ಆಡಿದ್ದು ಮಾತ್ರ. ಪಟ್ಟಿ ಮೂರೇ ಸಾಲಿದ್ದರೂ ಹಾಗೇ ತನ್ನಿ. ಇದರ ನಡುವೆ ಮೊದಲು ಆಡುತ್ತಿದ್ದ ಪದಗಳು ನಿಂತುಹೋಗುತ್ತಿವೆ ಎನ್ನಿಸಿದರೆ, ಅಥವಾ ಕರೆದರೂ ಕೇಳದೆ ಕೆಲವು ಸೆಕೆಂಡು ಎಲ್ಲೋ ನೆಟ್ಟ ನೋಟದಲ್ಲಿ ನಿಂತುಬಿಡುವುದು ಕಂಡರೆ, ಕೊಟ್ಟ ತಾರೀಖಿಗೆ ಕಾಯದೆ ಅದೇ ವಾರ ತೋರಿಸಿ.